ಅಗ್ಗದ ಬಳಸಿದ ಕಾರಿನ ಖಾಸಗಿ ಖರೀದಿ

ಅಗ್ಗದ ಬಳಸಿದ ಕಾರಿನ ಖಾಸಗಿ ಖರೀದಿ ಎಂದರೆ ವ್ಯಾಪಾರಿ ಅಥವಾ ಮಾರಾಟ ಸಂಸ್ಥೆಯ ನೆರವಿಲ್ಲದೆ, ಹಳೆಯ ಕಾರೊಂದನ್ನು ಅದರ ಮಾಲೀಕನಿಂದ ನೇರವಾಗಿ ಅತಿ ಕಡಿಮೆ ಬೆಲೆಗೆ ಕೊಳ್ಳುವ ವ್ಯವಹಾರ. ಇಂತಹ ವಾಹನಗಳನ್ನು ಆಡುಮಾತಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಎನ್ನುತ್ತಾರೆ. ಈ ವ್ಯವಹಾರದಲ್ಲಿ ಮಧ್ಯವರ್ತಿಯ ಲಾಭಾಂಶ ಉಳಿಯುತ್ತದೆ. ಆದರೆ ವಾರಂಟಿ, ಪೂರ್ವಪರೀಕ್ಷೆ ಮತ್ತು ದಾಖಲೆ ವರ್ಗಾವಣೆಯ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಯಂತ್ರದ ದೋಷವನ್ನು ಹಣ ಖರ್ಚು ಮಾಡಿ ಸರಿಪಡಿಸಬಹುದಾದರೂ, ದಾಖಲೆಗಳ ದೋಷವು ಕಾರನ್ನೇ ಕಳೆದುಕೊಳ್ಳುವ ಸ್ಥಿತಿಗೆ ಅಥವಾ ಅಪಘಾತ ಪರಿಹಾರದ ವ್ಯಾಜ್ಯಕ್ಕೆ ಕಾರಣವಾಗಬಹುದು.

ಮಾಹಿತಿಯ ಅಸಮತೆ

ಕಾರಿನ ನಿಜಸ್ಥಿತಿ ಮಾರುವವನಿಗೆ ತಿಳಿದಿರುವಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಿದರು. ಒಳ್ಳೆಯ ಕಾರನ್ನೂ ಕೆಟ್ಟ ಕಾರನ್ನೂ ಕೊಳ್ಳುವವನು ಬೇರ್ಪಡಿಸಲಾರದ ಕಾರಣ ಎರಡಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲು ಮುಂದಾಗುವುದಿಲ್ಲ. ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳ ಪಾಲು ಹೆಚ್ಚುತ್ತದೆ. ಈ ಕ್ಷೇತ್ರದ ಕೊಡುಗೆಗಾಗಿ ಅಕರ್ಲಾಫ್, ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ದೊರೆಯಿತು.

ಯಾಂತ್ರಿಕ ಅಪಾಯಗಳು

ಬಿಡಿಭಾಗಗಳ ಬೆಲೆಯು ಕಾರಿನ ಇಂದಿನ ಬೆಲೆಯನ್ನಲ್ಲ, ಹೊಸತಿದ್ದಾಗಿನ ದರ್ಜೆಯನ್ನು ಅನುಸರಿಸುತ್ತದೆ. ಹೀಗಾಗಿ ಐಷಾರಾಮಿ ಕಾರೊಂದು ಅಗ್ಗವಾಗಿ ದೊರೆತರೂ ಅದರ ದುರಸ್ತಿ ಅಗ್ಗವಾಗುವುದಿಲ್ಲ. ತಯಾರಿಕಾ ಸಂಸ್ಥೆಯೇ ದೇಶದ ಮಾರುಕಟ್ಟೆಯಿಂದ ಹಿಂದೆ ಸರಿದಿದ್ದರೆ ಕೆಲವು ಬಿಡಿಭಾಗಗಳಿಗಾಗಿ ಹುಡುಕಾಡಬೇಕಾಗಬಹುದು.

ಓಡಿದ ದೂರವನ್ನು ತೋರಿಸುವ ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವುದು ಸಾಮಾನ್ಯ ವಂಚನೆಗಳಲ್ಲೊಂದು. ಡಿಜಿಟಲ್ ಮೀಟರುಗಳೂ ಇದಕ್ಕೆ ಹೊರತಲ್ಲ. ಸವೆದ ಪೆಡಲ್, ನುಣುಪಾದ ಸ್ಟೀರಿಂಗ್ ಮತ್ತು ಸರ್ವಿಸ್ ದಾಖಲೆಗಳು ಮೀಟರಿನ ಅಂಕಿಗೆ ಹೊಂದದಿದ್ದರೆ ಅನುಮಾನಕ್ಕೆ ಆಸ್ಪದವಿದೆ. ನೆರೆಯಲ್ಲಿ ಮುಳುಗಿದ್ದ ಕಾರುಗಳು ಇನ್ನೂ ಅಪಾಯಕಾರಿ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿಯೂ ನೆರೆ ಬಂದಾಗ ಅನೇಕ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಇಂತಹ ಕಾರನ್ನು ತೊಳೆದು ಹೊಳಪು ಕೊಟ್ಟರೂ ವಿದ್ಯುತ್ ತಂತಿಗಳ ಜೋಡಣೆಗಳಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ತಿಂಗಳುಗಳ ನಂತರ ಎಂಜಿನ್ ನಿಯಂತ್ರಣ ಘಟಕ ಅಥವಾ ಏರ್‌ಬ್ಯಾಗ್ ಕೈಕೊಡಬಹುದು. ಸೀಟಿನ ಹಳಿಗಳ ತುಕ್ಕು, ನೆಲಹಾಸಿನಡಿಯ ಕೆಸರು ಹಾಗೂ ಮುಗ್ಗಲು ವಾಸನೆ ಇದರ ಕುರುಹುಗಳು.

ಮಾಲೀಕತ್ವ ಮತ್ತು ದಾಖಲೆಗಳು

ಭಾರತದಲ್ಲಿ ವಾಹನದ ಮಾಲೀಕತ್ವ ವರ್ಗಾವಣೆಯನ್ನು ಮೋಟಾರು ವಾಹನಗಳ ಕಾಯ್ದೆ, 1988ರ 50ನೇ ಕಲಂ ನಿಯಂತ್ರಿಸುತ್ತದೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕಾಗಿ ನಮೂನೆ 29 ಮತ್ತು 30ನ್ನು ಬಳಸಲಾಗುತ್ತದೆ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಪಡೆದು, ವರ್ಗಾವಣೆ ಮಾಡಿಸದೆಯೇ ಕಾರನ್ನು ಓಡಿಸುವ ರೂಢಿ ಅಗ್ಗದ ಕಾರುಗಳ ವ್ಯವಹಾರದಲ್ಲಿ ವ್ಯಾಪಕವಾಗಿದೆ. ಮೂಲ ಮಾಲೀಕ ನಿಧನನಾದರೆ ಅಥವಾ ವಿಳಾಸ ಬದಲಿಸಿ ಕೈಗೆ ಸಿಗದಂತಾದರೆ ಆ ನಮೂನೆಗಳಿಂದ ಪ್ರಯೋಜನವಾಗದಿರಬಹುದು.

ಸಾಲ ತೀರದ ಕಾರಿನ ನೋಂದಣಿ ಪ್ರಮಾಣಪತ್ರದಲ್ಲಿ ಸಾಲದಾತನ ಹೆಸರು ನಮೂದಾಗಿರುತ್ತದೆ. ಸಾಲ ತೀರಿದ ಬಳಿಕವೂ ನಮೂನೆ 35ರ ಮೂಲಕ ಅದನ್ನು ತೆಗೆಸಬೇಕಾಗುತ್ತದೆ. ಕದ್ದ ಕಾರಾಗಿದ್ದರೆ ಸ್ಥಿತಿ ಇನ್ನೂ ಗಂಭೀರ. ಸರಕು ಮಾರಾಟ ಕಾಯ್ದೆ, 1930ರ 27ನೇ ಕಲಮಿನ ಪ್ರಕಾರ, ಸಾಮಾನ್ಯವಾಗಿ ಮಾರುವವನಿಗಿಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಪ್ರಾಮಾಣಿಕವಾಗಿ ಹಣ ಕೊಟ್ಟವನೂ ಕಾರನ್ನು ಕಳೆದುಕೊಳ್ಳಬಹುದು.

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳ ಕಾಲ ಊರ್ಜಿತವಾಗಿರುತ್ತದೆ. ಬಳಿಕ ಕಾರನ್ನು ತಪಾಸಣೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕು. ಕಾರುಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. ಈ ಅವಧಿ ಮುಗಿಯುವ ಹಂತದಲ್ಲಿರುವುದೇ ಅನೇಕ ಕಾರುಗಳ ಬೆಲೆ ಕುಸಿಯಲು ಕಾರಣ.

ಹೊರರಾಜ್ಯದ ಕಾರುಗಳು

ದೆಹಲಿ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ನಿಷೇಧಿಸಿತು. ಅಲ್ಲಿ ಬೆಲೆ ಕಳೆದುಕೊಂಡ ಕಾರುಗಳು ಬೇರೆ ರಾಜ್ಯಗಳಲ್ಲಿ ಮಾರಾಟವಾಗುತ್ತವೆ. ಇಂತಹ ಕಾರನ್ನು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಲು ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿನ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ವೆಚ್ಚ ಸೇರಿದಾಗ ಬೆಲೆಯ ಅಂತರ ಬಹುಪಾಲು ಕರಗಬಹುದು.

ಅಪಘಾತದ ಹೊಣೆ ಮತ್ತು ವಿಮೆ

ಕಾಯ್ದೆಯ 2(30)ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಮಾಲೀಕರು. 2007ರಲ್ಲಿ ಮಾರಾಟವಾಗಿ, ವರ್ಗಾವಣೆಯಾಗದೆ ಹಲವರ ಕೈ ದಾಟಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾಗಿತ್ತು. ಆ ಪ್ರಕರಣದಲ್ಲಿ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಹೀಗೆ ವರ್ಗಾವಣೆಯ ವಿಳಂಬವು ಮಾರಿದವನಿಗೂ ಅಷ್ಟೇ ಅಪಾಯಕಾರಿ.

ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. 157ನೇ ಕಲಮಿನ ಪ್ರಕಾರ ಅದು ಮಾರಾಟದೊಂದಿಗೆ ಹೊಸ ಮಾಲೀಕನಿಗೆ ವರ್ಗಾವಣೆಯಾದಂತೆ ಪರಿಗಣಿತವಾಗುತ್ತದೆ. ಆದರೂ ವಿಮೆಯಲ್ಲಿ ಹೆಸರು ಬದಲಿಸಲು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಕಾರಿಗೇ ಆಗುವ ಹಾನಿಯ ವಿಮೆಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಅಗ್ಗದ ಹಳೆಯ ಕಾರುಗಳಲ್ಲಿ ವಿಮೆಯ ಅವಧಿಯೇ ಮುಗಿದಿರುವುದುಂಟು. ಅಂತಹ ಕಾರಿನಿಂದ ಸಾವು ನೋವು ಸಂಭವಿಸಿದರೆ ಪರಿಹಾರದ ಇಡೀ ಮೊತ್ತ ವ್ಯಕ್ತಿಯ ಮೇಲೆಯೇ ಬೀಳುತ್ತದೆ.

ಕಾನೂನಿನ ರಕ್ಷಣೆ

ತನ್ನ ಸ್ವಂತ ಕಾರನ್ನು ಮಾರುವವನು ವ್ಯಾಪಾರಿಯಲ್ಲದ ಕಾರಣ ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಪಡೆಯುವುದು ಕಷ್ಟ. ಸರಕಿನ ಗುಣಮಟ್ಟವನ್ನು ಕೊಳ್ಳುವವನೇ ಪರೀಕ್ಷಿಸಿಕೊಳ್ಳಬೇಕೆಂಬ ತತ್ವ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನಲ್ಲಿದೆ. ದೋಷವನ್ನು ಉದ್ದೇಶಪೂರ್ವಕವಾಗಿ ಮರೆಮಾಚಿದ್ದರೆ ಭಾರತೀಯ ಕರಾರು ಕಾಯ್ದೆ, 1872ರಡಿ ಒಪ್ಪಂದವನ್ನು ರದ್ದುಪಡಿಸಲು ಅವಕಾಶವಿದೆ. ಆದರೆ ಮರೆಮಾಚಿದ್ದನ್ನು ಸಾಬೀತುಪಡಿಸುವ ಭಾರ ಕೊಂಡವನ ಮೇಲಿರುತ್ತದೆ.

ಮುನ್ನೆಚ್ಚರಿಕೆಗಳು

ನೋಂದಣಿ, ವಿಮೆ, ಸಾಲ ಹಾಗೂ ಬಾಕಿ ದಂಡದ ವಿವರಗಳನ್ನು ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ಸೇವೆಗಳಲ್ಲಿ ಪರಿಶೀಲಿಸಬಹುದು. ಕಾರಿನ ಮೇಲೆ ಕೆತ್ತಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಪ್ರಮಾಣಪತ್ರದೊಂದಿಗೆ ತಾಳೆ ನೋಡುವುದು, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡುವುದು, ಪರಿಚಿತ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸುವುದು ಮತ್ತು ಮಾರುವವನ ಗುರುತನ್ನು ಖಚಿತಪಡಿಸಿಕೊಳ್ಳುವುದು ಮುಖ್ಯ. ಸೇನೆಯ ಸಿಬ್ಬಂದಿಯೆಂದು ಹೇಳಿಕೊಂಡು, ವರ್ಗಾವಣೆಯ ನೆಪದಲ್ಲಿ ಕಾರನ್ನು ತೋರಿಸದೆಯೇ ಮುಂಗಡ ಕೇಳುವ ವಂಚನೆ ದೇಶದ ಹಲವೆಡೆ ವರದಿಯಾಗಿದೆ. ಇಂತಹ ಆನ್‌ಲೈನ್ ವಂಚನೆಯ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930 ಲಭ್ಯವಿದೆ.

ಇವನ್ನೂ ನೋಡಿ

ಮೋಟಾರು ವಾಹನಗಳ ಕಾಯ್ದೆ, 1988
ವಾಹನ ವಿಮೆ
ಮಾಹಿತಿಯ ಅಸಮತೆ