ಕಿವಿ ಮಂದವಾದರೆ ಮನೆ ದೂರವಾಗಬಾರದು

ಕಣ್ಣು ಮಂಜಾದೊಡನೆ ಕನ್ನಡಕ ಧರಿಸಲು ನಾವು ಯಾರೂ ನಾಚುವುದಿಲ್ಲ. ಕನ್ನಡಕ ಹಾಕಿಕೊಂಡವರನ್ನು ಓದುಬರಹ ಬಲ್ಲವರೆಂದು ಗೌರವಿಸುವುದೂ ಉಂಟು. ಕಿವಿ ಮಂದವಾದಾಗ ಮಾತ್ರ ನಮ್ಮ ನಡೆ ಬೇರೆಯಾಗುತ್ತದೆ. “ವಯಸ್ಸಾತು, ಇನ್ನೇನ್ ಕೇಳೂದೈತಿ” ಎಂದು ಹಿರಿಯರು ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಕಾಣದವರನ್ನು ಕಂಡು ಮರುಗುವ ನಾವೇ ಕೇಳದವರನ್ನು ಕಂಡು ನಗುತ್ತೇವೆ. ಇದು ವಿಚಾರ ಮಾಡಬೇಕಾದ ಸಂಗತಿ.

ನಮ್ಮ ಧಾರವಾಡ ಸೀಮೆ ಕೇಳುವವರ ಸೀಮೆ. ಸವಾಯಿ ಗಂಧರ್ವರ (೧೮೮೬–೧೯೫೨) ಊರಾದ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಸಂಗೀತ ಕಲಿತರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿಯೇ ಇದ್ದು ಕಲಿತರು. ಆ ವಿದ್ಯೆ ಕಿವಿಯಿಂದ ಕಿವಿಗೆ ಹರಿದು ಬಂದದ್ದು. ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂತೆಂದರೆ ಮಠಗಳಲ್ಲಿ ಪುರಾಣ, ಪ್ರವಚನಗಳು ನಡೆಯುತ್ತವೆ. ಮುಂದಿನ ಸಾಲಿನಲ್ಲಿ ಕುಳಿತು ಭಕ್ತಿಯಿಂದ ತಲೆದೂಗುವ ಹಿರಿಯರಲ್ಲಿ ಎಷ್ಟೋ ಮಂದಿಗೆ ಸದ್ದು ಕೇಳಿಸುತ್ತಿರುತ್ತದೆ, ಮಾತು ತಿಳಿಯುತ್ತಿರುವುದಿಲ್ಲ. ಧ್ವನಿವರ್ಧಕದ ಸದ್ದು ಏರಿಸಿದರೂ ಪ್ರಯೋಜನ ಕಡಿಮೆ.

ಇದರ ಕಾರಣವನ್ನು ತಿಳಿಯಬೇಕು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗಿನ ಸಾವಿರಾರು ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರಕ್ಕೆ ಮುಟ್ಟಿಸುತ್ತವೆ. ಒಮ್ಮೆ ನಶಿಸಿದರೆ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಏರುದನಿಯ ಸ್ವರಗಳನ್ನು ಗ್ರಹಿಸುವ ಕೋಶಗಳು. ಆದುದರಿಂದ ಅ, ಆ, ಉ ಮುಂತಾದ ಸ್ವರಗಳು ಚೆನ್ನಾಗಿ ಕೇಳಿಸುತ್ತವೆ. ಸ, ಶ, ತ, ಹ ಮುಂತಾದ ಕ್ಷೀಣ ವ್ಯಂಜನಗಳು ಜಾರಿಹೋಗುತ್ತವೆ. ಸೊಸೆ ಅಡುಗೆಮನೆಯಿಂದ “ಮಾವಾರ, ಹಾಲ ತಂದ್ರೇನ್ರಿ?” ಎಂದರೆ ಪಡಸಾಲೆಯಲ್ಲಿದ್ದ ಮಾವನಿಗೆ “ಸಾಲ ತಂದ್ರೇನ್ರಿ?” ಎಂದು ಕೇಳಿಸುತ್ತದೆ. ಮಳೆ ಕೈಕೊಟ್ಟ ವರ್ಷ ಆ ಒಂದು ಅಕ್ಷರವೇ ಮನೆಯಲ್ಲಿ ಜಗಳ ಹಚ್ಚಲು ಸಾಕು. ಹೀಗೆ ನಾಲ್ಕು ಸಲ ಆಯಿತೆಂದರೆ ಮಾವ ಮಾತು ಬಿಡುತ್ತಾರೆ, ಸೊಸೆ ಕೇಳುವುದನ್ನು ಬಿಡುತ್ತಾಳೆ. ಕಿವಿಯ ದೋಷ ಸ್ವಭಾವದ ದೋಷವೆಂದು ಹೆಸರು ಪಡೆಯುತ್ತದೆ.

ಹೀಗೆ ಒಂಟಿಯಾದ ಮನಸ್ಸು ಕುಗ್ಗುತ್ತದೆ. ಮರೆಗುಳಿ ರೋಗದ ಅಪಾಯವನ್ನು ಹೆಚ್ಚಿಸುವ, ಆದರೆ ತಡೆಯಲು ಯತ್ನಿಸಬಹುದಾದ ೧೪ ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ೨೦೨೪ರಲ್ಲಿ ಹೆಸರಿಸಿತು; ಶ್ರವಣದೋಷ ಅವುಗಳಲ್ಲೊಂದು. ಜಗತ್ತಿನಲ್ಲಿ ೪೩ ಕೋಟಿ ಜನರಿಗೆ ಶ್ರವಣದೋಷಕ್ಕೆ ನೆರವು ಬೇಕಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರ ವರದಿಯಲ್ಲಿ ಹೇಳಿದೆ.

ಎಲ್ಲ ಕಿವುಡೂ ಮುಪ್ಪಿನದಲ್ಲ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ವೈದ್ಯರು ತೆಗೆದ ಕೂಡಲೇ ಕೇಳಿಸೀತು. ಕಿವಿ ಸೋರುವುದಕ್ಕೆ ಔಷಧವುಂಟು, ತಮಟೆ ಹರಿದಿದ್ದರೆ ಶಸ್ತ್ರಚಿಕಿತ್ಸೆಯುಂಟು. ಕಾಯಿಸಿದ ಎಣ್ಣೆ ಬಿಡುವುದು, ಕಡ್ಡಿ, ಪಿನ್ನು ಹಾಕಿ ಕೆದಕುವುದು ಇವನ್ನು ಮನೆಗಳಲ್ಲಿ ನಿಲ್ಲಿಸಬೇಕು. ರಾಶಿ ಮಾಡುವ ಯಂತ್ರದ ಬಳಿ ದಿನವಿಡೀ ನಿಲ್ಲುವವರು ಕಿವಿಗೆ ರಕ್ಷಣೆ ಮಾಡಿಕೊಳ್ಳಬೇಕು. ಜಾತ್ರೆ, ಮದುವೆಗಳ ಧ್ವನಿವರ್ಧಕದ ಬಾಯಿಗೆ ಮಕ್ಕಳನ್ನು ಕೂರಿಸಬಾರದು. ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ತಿಂಗಳೊಳಗೇ ಪರೀಕ್ಷಿಸುವುದು ಲೇಸು. ಕೇಳದ ಕೂಸು ಮಾತು ಕಲಿಯಲಾರದು.

ಇನ್ನು ಶ್ರವಣಯಂತ್ರದ ಮಾತು. ಅದು ಶಬ್ದವನ್ನು ಹಿಡಿದು, ಪರೀಕ್ಷೆಯಲ್ಲಿ ಕಂಡ ಕೊರತೆಗೆ ತಕ್ಕಂತೆ ಹಿಗ್ಗಿಸಿ ಕಿವಿಗೆ ಕೊಡುತ್ತದೆ. ಆದ್ದರಿಂದ ಪರೀಕ್ಷೆಯಿಲ್ಲದೆ ಸಂತೆಯಲ್ಲಿ ಕೊಂಡ ಯಂತ್ರವೂ, ನೆರೆಯವರಿಂದ ಎರವಲು ತಂದ ಯಂತ್ರವೂ ನಿಮ್ಮ ಕಿವಿಗೆ ಹೊಂದುವುದಿಲ್ಲ. ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ತನ್ನದೇ ದನಿ ಎಲ್ಲವೂ ಕರ್ಕಶವೆನಿಸುತ್ತವೆ. ಹಲವರು ಇದೇ ಕಾರಣಕ್ಕೆ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. ಹಾಗೆ ಮಾಡದೆ ಮೊದಲು ಶಾಂತವಾದ ಕೋಣೆಯಲ್ಲಿ ಗಂಟೆ ಎರಡು ಗಂಟೆ ಧರಿಸಿ, ಬರಬರುತ್ತ ಹೊತ್ತು ಹೆಚ್ಚಿಸಬೇಕು. ವರ್ಷಗಟ್ಟಲೆ ಮರೆತ ಶಬ್ದಗಳನ್ನು ಮಿದುಳು ಮತ್ತೆ ಕಲಿಯಲು ಕೆಲವು ವಾರಗಳು ಬೇಕು. ಆಮೇಲೂ ತೊಂದರೆಯೆನಿಸಿದರೆ ಹೊಂದಿಸಿದವರಲ್ಲಿಗೇ ಹೋಗಿ ಸರಿಪಡಿಸಿಕೊಳ್ಳಬೇಕು. ಸ್ನಾನಕ್ಕೆ ಮುನ್ನ, ಮಲಗುವ ಮುನ್ನ ತೆಗೆದಿಟ್ಟು ತೇವದಿಂದ ಕಾಪಾಡಬೇಕು.

ಪರೀಕ್ಷೆಗಾಗಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿನ ‘ಕಿಮ್ಸ್’ನಲ್ಲಿ, ಕಿವಿ, ಮೂಗು, ಗಂಟಲಿನ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೫ರಿಂದ ದೇಶಕ್ಕೇ ಈ ವಿದ್ಯೆಯ ತಜ್ಞರನ್ನು ತಯಾರಿಸುತ್ತ ಬಂದಿದೆ. ಈ ವಿಷಯದಲ್ಲಿ ಅದು ಕನ್ನಡನಾಡಿನ ಹೆಮ್ಮೆ. ಬಡವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯೂ, ಬಡ ಹಿರಿಯರಿಗೆ ೨೦೧೭ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಶ್ರವಣಯಂತ್ರ ಒದಗಿಸುತ್ತವೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಯಂತ್ರವೊಂದೇ ಸಾಲದು, ಮನೆಯವರ ನಡೆಯೂ ಬದಲಾಗಬೇಕು. ಹಿರಿಯರ ಬೆನ್ನಿಗೆ ನಿಂತು ಕೂಗದೆ, ಬೆಳಕಿನಲ್ಲಿ ಎದುರು ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡಿರಿ. ಕಿರುಚಿದರೆ ಮಾತು ಕೆಡುತ್ತದೆ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿರಿ. ಟಿ.ವಿ. ಆರಿಸಿ ಮಾತಿಗೆ ತೊಡಗಿರಿ. “ಏನಿಲ್ಲ ಬಿಡ್ರಿ, ನಿಮಗ್ಯಾಕ” ಎಂಬ ಮಾತನ್ನು ಮಾತ್ರ ಎಂದೂ ಆಡಬೇಡಿರಿ. ಹೊಲ ಮಾರುವ ಮಾತು, ಮೊಮ್ಮಗಳ ಮದುವೆಯ ಮಾತು ನಡೆದಾಗ ಅಜ್ಜನ ಕಿವಿಗೆ ಬೀಳಬೇಕಾದುದು ಅವರ ಹಕ್ಕು. ಮನೆ ಕಟ್ಟಿದವರನ್ನು ಮನೆಯ ಮಾತಿನಿಂದ ಹೊರಗಿಡುವುದು ಧರ್ಮವಲ್ಲ. ಈ ಮಾಸದಲ್ಲಿಯೇ ನಿಮ್ಮ ಮನೆಯ ಹಿರಿಯರೊಬ್ಬರನ್ನು ಕರೆದೊಯ್ದು ಅವರ ಕಿವಿ ಪರೀಕ್ಷಿಸಿರಿ. ಅದು ನೀವು ಮಾಡುವ ದೊಡ್ಡ ಸೇವೆ.