ಹೆಸರು ಹೇಳುವವರು ಬೇಕು

ಜಾಕೆಟ್ಟನ್ನು ತಡಕಿದಾಗ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಒಳಗೆ ಹೊಲಿದಿಟ್ಟಿದ್ದ ಆ ಕಾಗದದ ಮಡಿಕೆಯನ್ನು ಹುಷಾರಾಗಿ ಬಿಡಿಸಿದರೆ, ಫ್ರೆಂಚಿನಲ್ಲಿದ್ದ ಶಾಲೆಯ ಅಂಕಪಟ್ಟಿ. ಗಣಿತ, ಭೌತವಿಜ್ಞಾನ... ಹುಡುಗ ಮಾಲಿ ದೇಶದವನು, ವಯಸ್ಸು ಸುಮಾರು 14. ಯುರೋಪಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು ಬೇಕೆಂದು ಜೋಪಾನ ಮಾಡಿದ್ದನೇನೋ.

ಈ ಅನುಭವವನ್ನು ಬರೆದವರು ಮಿಲಾನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನ ತಜ್ಞೆ ಕ್ರಿಸ್ಟಿನಾ ಕತ್ತಾನೆಯೋ. ಹುಡುಗನಿದ್ದ ಮೀನುಗಾರಿಕೆ ದೋಣಿ 2015ರ ಏಪ್ರಿಲ್ 18ರ ರಾತ್ರಿ ಲಿಬಿಯಾ ಕರಾವಳಿಯಾಚೆ, ನೆರವಿಗೆ ಬಂದ ಸರಕು ಹಡಗಿಗೇ ಡಿಕ್ಕಿಯಾಗಿ ಮುಳುಗಿತು. ಬದುಕಿ ಬಂದವರು 28 ಮಂದಿ. ಸತ್ತವರು ಏಳುನೂರಕ್ಕೂ ಹೆಚ್ಚೆಂಬುದು ಅಂದಾಜು ಮಾತ್ರ. ಮರುವರ್ಷ ಇಟಲಿ ಸರ್ಕಾರ ಸುಮಾರು 370 ಮೀಟರ್ ಆಳದಿಂದ ದೋಣಿಯನ್ನೇ ಎತ್ತಿಸಿ ಸಿಸಿಲಿಗೆ ತಂದಿತು. ಅಗ್ನಿಶಾಮಕ ದಳದವರು ಶವಗಳನ್ನು ಹೊರತೆಗೆದರು, ಹಲವು ವಿಶ್ವವಿದ್ಯಾಲಯಗಳ ವೈದ್ಯರು ಮರಣೋತ್ತರ ಪರೀಕ್ಷೆ ನಡೆಸಿದರು. 

ಹಲ್ಲು, ಮೂಳೆ, ಹಚ್ಚೆ, ಹಳೆಯ ಗಾಯದ ಕಲೆ, ಡಿಎನ್ಎ ಎಲ್ಲವೂ ದಾಖಲಾಗುತ್ತವೆ. ಆದರೆ ಅದು ಅರ್ಧ ಕೆಲಸ. ವಿಮಾನ ಬಿದ್ದರೆ ಪ್ರಯಾಣಿಕರ ಪಟ್ಟಿ ಇರುತ್ತದೆ, ಮನೆಯವರು ತಾವಾಗಿಯೇ ಓಡಿ ಬರುತ್ತಾರೆ. ಇಲ್ಲಿ ಹೋಲಿಸಿ ನೋಡಲು ಎದುರಿಗೆ ಯಾರೂ ಇಲ್ಲ. ಎರಿಟ್ರಿಯಾದಿಂದ ಅಪ್ಪಣೆಯಿಲ್ಲದೆ ಹೊರಟು ಹೋದವನ ಬಗ್ಗೆ ವಿಚಾರಿಸಿದರೆ, ಊರಲ್ಲಿ ಉಳಿದವರಿಗೇ ಕುತ್ತು. ಅದಕ್ಕೇ ಸುಮ್ಮನಿರುತ್ತಾರೆ.

2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ ಇಂಥದೇ ದೋಣಿ ಮುಳುಗಿ 366 ಜನ ಸತ್ತಾಗ ಒಂದು ದಾರಿ ಕಂಡಿತು. ಯುರೋಪಿನಲ್ಲೇ ನೆಲೆಸಿದ್ದ, ಸತ್ತವರ ಅಣ್ಣತಮ್ಮಂದಿರು, ಅಕ್ಕತಂಗಿಯರನ್ನು ರೋಮ್, ಮಿಲಾನ್‌ಗಳಿಗೆ ಕರೆಸಿದರು. ಎಂದೋ ನಕ್ಕ ಫೇಸ್‌ಬುಕ್ ಫೋಟೊದಲ್ಲಿ ಕಾಣುವ ಓರೆ ಹಲ್ಲು, ಕಿವಿಯ ಆಕಾರ, ಒಂದು ಮಚ್ಚೆ ಕೂಡ ಇಂಥಲ್ಲಿ ಸಾಕ್ಷಿಯಾಗಬಲ್ಲದು. ಡಿಎನ್ಎಗೆ ಬೇಕಾದದ್ದು ತಾಯಿಯ ಎಂಜಲಿನ ಒಂದು ಮಾದರಿ.

ಸತ್ತವರ ಹೆಸರು ಕಟ್ಟಿಕೊಂಡು ಏನಾಗಬೇಕು ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ಆದರೆ ಹೆಸರಿಲ್ಲದೆ ಮರಣ ಪ್ರಮಾಣಪತ್ರ ಸಿಗದು, ಅದಿಲ್ಲದೆ ಹೆಂಡತಿ ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ. ಮರುಮದುವೆಗೆ ಅಡ್ಡಿ. ತಾಯಿ ತೀರಿಕೊಂಡದ್ದು ದಾಖಲೆಯಲ್ಲಿ ಇಲ್ಲದಿದ್ದರೆ, ಯುರೋಪಿನಲ್ಲಿರುವ ಚಿಕ್ಕಪ್ಪನ ಮನೆಗೆ ಮಗುವನ್ನು ಕಳಿಸುವುದೂ ಕಷ್ಟ.

ಏಪ್ರಿಲ್ 18ರ ದೋಣಿಯ ವಿಚಾರದಲ್ಲಿ ರೆಡ್‌ಕ್ರಾಸ್ ಸೆನೆಗಲ್, ಮಾರಿಟೇನಿಯಾಗಳಿಗೇ ಹೋಗಿ ಮನೆಯವರಿಂದ ವಿವರ ಸಂಗ್ರಹಿಸಿತು. ಪ್ರಯೋಗಾಲಯದ ಕಡತ ತಾನಾಗಿ ತಾಯಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಸರ್ಕಾರ ಖರ್ಚು ಮಾಡಬೇಕಾದದ್ದು ಈ ಓಡಾಟಕ್ಕೆ.