ದೆನಾರಿಯಸ್: ಕುರ್ಚಿಯ ಕಾಲು ಹೇಳುವ ಕಾಲ

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಯ ಕಾಮಗಾರಿಗಾಗಿ ನೆಲ ಅಗೆಯುತ್ತಿದ್ದಾಗ ದೊರೆತ 163 ರೋಮನ್ ನಾಣ್ಯಗಳು, ದೆನಾರಿಯಸ್ ಎಂದು ಕರೆಯಲಾಗುವ, ಸುಮಾರು ನಾಲ್ಕು ಗ್ರಾಂ ತೂಕದ ಬೆಳ್ಳಿ ನಾಣ್ಯಗಳಾಗಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಇದೇ ಜಾತಿಯ ನಾಣ್ಯಗಳು ಸಿಕ್ಕಿವೆ.

ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಎರಡು ಮಾದರಿಗಳೇ ಹೆಚ್ಚು. ರೋಮನ್ ಚಕ್ರವರ್ತಿ ಅಗಸ್ಟಸ್‌ನ ನಾಣ್ಯದ ಹಿಮ್ಮುಖದಲ್ಲಿ, ಅಂದರೆ ಅರಸನ ತಲೆಯಿಲ್ಲದ ಬದಿಯಲ್ಲಿ, ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳೊಡನೆ ನಿಂತಿದ್ದು, ಮೇಲೆ ಪೂಜೆಯ ಸೌಟು ಹಾಗೂ ಶಕುನಗಾರನ ಬಾಗಿದ ಕೋಲು ಕಾಣುತ್ತವೆ. ಇವುಗಳಲ್ಲಿ ಯಾವುದು ಎಡಕ್ಕಿದೆ, ಯಾವುದು ಬಲಕ್ಕಿದೆ ಎಂಬುದರಿಂದಲೇ ಉಪವರ್ಗಗಳು ಹುಟ್ಟುತ್ತವೆ.

ಟೈಬೀರಿಯಸ್‌ನ ನಾಣ್ಯ ಇನ್ನಷ್ಟು ಸೂಕ್ಷ್ಮ ದೃಷ್ಟಿಯನ್ನು ಬೇಡುತ್ತದೆ. ಅದರಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಸ್ತ್ರೀಯಿದ್ದಾಳೆ. ಬರಹದಲ್ಲಿ ವರ್ಷದ ಸುಳಿವಿಲ್ಲದ ಈ ಮಾದರಿ ಅವನ ಆಳ್ವಿಕೆಯ (ಕ್ರಿ.ಶ. 14–37) ಉದ್ದಕ್ಕೂ ಹೆಚ್ಚು ಬದಲಾಗದೆ ಮುಂದುವರಿದುದರಿಂದ, ವಿದ್ವಾಂಸರು ಕುರ್ಚಿಯ ಕಾಲು ಸರಳವೋ ಅಲಂಕೃತವೋ, ಅದರ ಕೆಳಗೆ ಒಂದು ಗೆರೆಯೋ ಎರಡೋ ಎಂಬುದನ್ನು ನೋಡಿ ಗುಂಪು ಮಾಡುತ್ತಾರೆ, ಸರಳ ಕಾಲಿನವನ್ನು ಸಾಮಾನ್ಯವಾಗಿ ಮೊದಲಿನವೆಂದು ಎಣಿಸುತ್ತಾರೆ. ಅರಸನ ಮುಖಕ್ಕಿಂತ ಕುರ್ಚಿಯ ಕಾಲೇ ಇಲ್ಲಿ ಹೆಚ್ಚು ನಂಬಲರ್ಹ ಸಾಕ್ಷಿ.

ಉಜ್ಜಿ ಹೊಳಪು ಕೊಟ್ಟರೆ ಮೊದಲು ಅಳಿಯುವುದು ಈ ಗೆರೆಗಳೇ. ಆದುದರಿಂದ ಬೆಳಗಾವಿ ಜಿಲ್ಲೆಯ ಕೌಜಲಗಿಯ ಹೊಲದಲ್ಲಾಗಲಿ, ಗೋಕಾಕ, ಹುಕ್ಕೇರಿ ತಾಲ್ಲೂಕುಗಳ ಯಾವುದೇ ಊರಿನಲ್ಲಾಗಲಿ ಹಳೆಯ ನಾಣ್ಯ ಸಿಕ್ಕವರು ಅದನ್ನು ತೊಳೆಯದೆ, ಸಿಕ್ಕ ಜಾಗವನ್ನು ಗುರುತು ಮಾಡಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು.